ಸೆಖ್ಮೆಟ್ ದೇವಿಯ ಕುತ್ತಿಗೆ

ಸಿಂಹದ ತಲೆಯನ್ನು ಹೆಣ್ಣಿನ ಮೈಮೇಲೆ ಕೂರಿಸುವಾಗ ಶಿಲ್ಪಿಯನ್ನು ಕಾಡುವುದು ಕುತ್ತಿಗೆ. ಸಿಂಹದ ಕುತ್ತಿಗೆ ಮುಂದಕ್ಕೆ ಚಾಚಿರುತ್ತದೆ, ಮನುಷ್ಯರದು ನೆಟ್ಟಗೆ ಏರುತ್ತದೆ. ಈಜಿಪ್ಟಿನವರು ಇದನ್ನು ಹೇಗೆ ಬಗೆಹರಿಸಿದರೆಂದು ಕೈಯಾರೆ ತಿಳಿಯಲೆಂದೇ ಬಳಪದ ಕಲ್ಲಿನಲ್ಲಿ ಸೆಖ್ಮೆಟ್ ದೇವಿಯನ್ನು ಕೆತ್ತಿದೆ.

ಮಾದರಿಗೆ ಆರಿಸಿಕೊಂಡದ್ದು ಕ್ರಿ.ಪೂ. 14ನೇ ಶತಮಾನದ, ಮೂರನೇ ಅಮೆನ್‌ಹೊಟೆಪ್ ಕಾಲದ ಕುಳಿತ ವಿಗ್ರಹ. ಆ ಅರಸ ಥೀಬ್ಸ್‌ನಲ್ಲಿ ಈ ದೇವಿಯ ನೂರಾರು ವಿಗ್ರಹಗಳನ್ನು ಮಾಡಿಸಿದ್ದ. ಕಾರ್ನಾಕ್‌ನ ಮುಟ್ ದೇಗುಲದಲ್ಲೂ ಲಂಡನ್, ಟ್ಯೂರಿನ್ ಮ್ಯೂಸಿಯಂಗಳಲ್ಲೂ ಅವು ಇವೆ.

ಅವರ ಕ್ರಮದಂತೆ ಕಲ್ಲಿನ ಎದುರು ಮುಖದಲ್ಲಿ ಮುಂದಿನ ನೋಟವನ್ನೂ ಪಕ್ಕದಲ್ಲಿ ಪಾರ್ಶ್ವನೋಟವನ್ನೂ ಚೌಕಗಳ ಮೇಲೆ ಬರೆದುಕೊಂಡು ಒಳಕ್ಕೆ ಕಡೆಯುತ್ತ ಹೋದೆ. ಗಲ್ಲದ ಕೆಳಗೆ ಬಂದಾಗ ಗುಟ್ಟು ತಿಳಿಯಿತು. ದೇವಿಯ ತಲೆಗೆ ಮೂರು ಪಾಲಿನ ಕೃತಕ ಕೇಶವಿದೆ. ಒಂದು ಪಾಲು ಬೆನ್ನಿಗೆ, ಎರಡು ಹೆಗಲ ಮೇಲಿಂದ ಎದೆಗೆ ಇಳಿಯುತ್ತವೆ. ಮುಖಕ್ಕೂ ಈ ಕೇಶಕ್ಕೂ ನಡುವೆ ಕೇಸರದ ಉಂಗುರ. ಪ್ರಾಣಿ ಎಲ್ಲಿ ಮುಗಿಯಿತು, ಹೆಣ್ಣು ಎಲ್ಲಿ ಶುರುವಾದಳು ಎಂಬ ಪ್ರಶ್ನೆಯೇ ಏಳುವುದಿಲ್ಲ. ಕಲ್ಲಿಗೂ ಇದರಿಂದ ಬಲ: ತಲೆಯ ಭಾರ ತೆಳುವಾದ ಕುತ್ತಿಗೆಯ ಮೇಲೆ ನಿಲ್ಲದೆ ನೇರವಾಗಿ ಹೆಗಲಿಗೆ ಇಳಿಯುತ್ತದೆ. ಇಷ್ಟು ಜಾಣ ಪರಿಹಾರವನ್ನು ನಾನು ಬೇರೆ ಕಡೆ ಕಂಡಿಲ್ಲ.

ನರಸಿಂಹನನ್ನು ಕಡೆದು ರೂಢಿಯಾದ ನನ್ನ ಕೈಗೆ ಬಾಯಿ ಹೊಸದಾಗಿತ್ತು. ಉಗ್ರನರಸಿಂಹನ ಕೋಪ ತೆರೆದ ಬಾಯಲ್ಲಿ, ಕೋರೆಹಲ್ಲಿನಲ್ಲಿ ಕಾಣಬೇಕು. ಸೆಖ್ಮೆಟ್ ರೋಗವನ್ನೂ ಯುದ್ಧವನ್ನೂ ತರುವ ದೇವತೆ, ಆದರೂ ಬಾಯಿ ಮುಚ್ಚಿದೆ. ಉಗ್ರತೆಯೆಲ್ಲ ಅಗಲವಾದ ಮೂತಿಯ ಬಿಗಿತದಲ್ಲಿದೆ. ಅಲ್ಲಿ ಚಾಣವನ್ನು ಬದಿಗಿಟ್ಟು ಉಜ್ಜುವುದರಿಂದಲೇ ಆಕಾರ ತಂದೆ. ಮೂಲ ವಿಗ್ರಹಗಳು ಬಹುಪಾಲು ಗ್ರಾನೊಡಯೊರೈಟ್ ಎಂಬ ಗಡಸು ಕಪ್ಪು ಕಲ್ಲಿನವು. ತಾಮ್ರ, ಕಂಚಿನ ಉಳಿಗಳು ಅದಕ್ಕೆ ನಾಟುವುದಿಲ್ಲ. ಕಲ್ಲುಗುಂಡುಗಳಿಂದ ಜಜ್ಜಿ, ಮರಳಿನಿಂದ ಅರೆದೇ ಅವರು ಆ ಕೆನ್ನೆಗಳನ್ನು ತಿದ್ದಿರಬೇಕು.

ಮುಂದೆ ಐಬಿಸ್ ಹಕ್ಕಿಯ ತಲೆಯ ಈಜಿಪ್ಟಿನ ದೇವರು ಥೋತ್‌ನನ್ನು ಮಾಡುವ ಆಸೆಯಿದೆ. ಬಾಗಿದ ಆ ಉದ್ದ ಕೊಕ್ಕು ಕಲ್ಲಿನಲ್ಲಿ ನಿಲ್ಲುವುದು ಕಷ್ಟ. ಈಜಿಪ್ಟಿನಲ್ಲೂ ಆ ರೂಪ ಹೆಚ್ಚಾಗಿ ಗೋಡೆಯ ಉಬ್ಬುಶಿಲ್ಪಗಳಲ್ಲಿ, ಪುಟ್ಟ ಕಂಚಿನ ಮೂರ್ತಿಗಳಲ್ಲಿ ಸಿಗುತ್ತದೆ. ಹರ್ಮೋಪೊಲಿಸ್‌ನಲ್ಲಿ ಅದೇ ಅಮೆನ್‌ಹೊಟೆಪ್ ಥೋತ್‌ನನ್ನು ಭಾರಿ ಬಬೂನುಗಳ ರೂಪದಲ್ಲಿ ಕಲ್ಲಿನಲ್ಲಿ ಕೂರಿಸಿದ. ನಾನು ಕೊಕ್ಕನ್ನು ಬಿಡಲಾರೆ, ಹಾಗಾಗಿ ಈ ಸಲ ಮೇಣದ ಅಚ್ಚು ಮಾಡಿ ಕಂಚಿನಲ್ಲಿ ಎರಕ ಹೊಯ್ಯಿಸುತ್ತೇನೆ.