ಗ್ಯಾಸು, ಬೇಳೆ, ಕೆನೆ, ಸೊಪ್ಪು: ಅಡುಗೆಮನೆಯಲ್ಲಿ ದುಡ್ಡು ಸೋರುವ ಜಾಗಗಳು

ಮನೆಖರ್ಚು ಇಳಿಸಬೇಕು ಅಂದಾಗ ಎಲ್ಲರೂ ಮೊದಲು ನೋಡುವುದು ಅಂಗಡಿ ಬಿಲ್ಲನ್ನೇ. ಎಲ್ಲಿ ಸೋವಿ, ಎಲ್ಲಿ ಆಫರ್, ಐದು ಕೆಜಿ ಒಟ್ಟಿಗೆ ತಂದರೆ ಎಷ್ಟು ಉಳಿಯುತ್ತದೆ ಅಂತ. ಆದರೆ ಐದು ಕೆಜಿ ರವೆಯಲ್ಲಿ ಎರಡು ಕೆಜಿಗೆ ಹುಳ ಬಿದ್ದರೆ ಆ ಆಫರ್‌ನಿಂದ ನಷ್ಟವೇ. ತಂದದ್ದು ಪೂರ್ತಿ ಹೊಟ್ಟೆಗೆ ಹೋಗುತ್ತಿದೆಯೇ, ಉರಿಸಿದ ಗ್ಯಾಸು ಅಡುಗೆಗೇ ಸೇರುತ್ತಿದೆಯೇ ಎಂದು ಒಮ್ಮೆ ಗಮನಿಸಿದರೆ ಅದಕ್ಕಿಂತ ಹೆಚ್ಚು ಉಳಿಯುತ್ತದೆ. ಗ್ಯಾಸಿನಿಂದ ಶುರು ಮಾಡೋಣ, ಅಲ್ಲಿ ಲೆಕ್ಕ ಕಣ್ಣಿಗೆ ಕಾಣುತ್ತದೆ.

ಗ್ಯಾಸು ಹೋಗುವುದು ಆವಿಗೆ

ಒಂದು ಲೀಟರ್ ನೀರನ್ನು 25 ಡಿಗ್ರಿಯಿಂದ ಕುದಿಯುವ ಹಂತಕ್ಕೆ ತರಲು 75 ಕಿಲೊಕ್ಯಾಲೊರಿ ಶಾಖ ಸಾಕು. ಅದೇ ನೀರು ಪೂರ್ತಿ ಆವಿಯಾಗಿ ಹೋಗಲು ಇನ್ನೂ 540 ಬೇಕು, ಅಂದರೆ ಏಳು ಪಟ್ಟು. ಒಲೆಯ ಶಾಖದಲ್ಲಿ ಶೇ. 60ರಷ್ಟು ಪಾತ್ರೆಗೆ ಸೇರುತ್ತದೆ ಎಂದು ಹಿಡಿದರೆ, ಒಂದು ಲೀಟರ್ ನೀರು ಕುದಿಸಲು ಸುಮಾರು 11 ಗ್ರಾಂ ಗ್ಯಾಸು, ಅದನ್ನು ಆವಿ ಮಾಡಲು ಸುಮಾರು 80 ಗ್ರಾಂ.

14.2 ಕೆಜಿ ಸಿಲಿಂಡರ್ 45 ದಿನ ಬರುವ ಮನೆಯಲ್ಲಿ ದಿನಕ್ಕೆ 315 ಗ್ರಾಂ ಖರ್ಚಾಗುತ್ತದೆ. ಮುಚ್ಚಳವಿಲ್ಲದೆ ಸಾರು ಮರಳಿಸುವುದು, ಕಾಫಿಗೆ ನೀರಿಟ್ಟು ಮರೆಯುವುದು, ಕುಕ್ಕರ್ ಐದಾರು ಸಲ ಕೂಗುವುದು, ಇವೆಲ್ಲ ಸೇರಿ ದಿನಕ್ಕೆ ಅರ್ಧ ಲೀಟರ್ ನೀರು ಸುಮ್ಮನೆ ಆವಿಯಾದರೆ 40 ಗ್ರಾಂ ಹೋಯಿತು. 45 ದಿನಕ್ಕೆ 1.8 ಕೆಜಿ, ಹೆಚ್ಚುಕಡಿಮೆ ಆರು ದಿನದ ಅಡುಗೆ. ಜೋರಾಗಿ ಕೊತಕೊತ ಕುದಿಯುವ ಸಾರೂ ಸಣ್ಣ ಉರಿಯಲ್ಲಿ ಮೆಲ್ಲಗೆ ಕುದಿಯುವ ಸಾರೂ ಒಂದೇ ಬಿಸಿಯಲ್ಲಿರುತ್ತವೆ. ಉರಿ ಹೆಚ್ಚಿಸಿದರೆ ತರಕಾರಿ ಬೇಗ ಬೇಯುವುದಿಲ್ಲ, ಆವಿ ಹೆಚ್ಚುತ್ತದೆ ಅಷ್ಟೆ. ಹಾಗಾಗಿ ಕುದಿ ಬರುವ ತನಕ ದೊಡ್ಡ ಉರಿ, ಬಂದ ಕೂಡಲೇ ಸಿಮ್, ಮೇಲೆ ಮುಚ್ಚಳ. ಉಕ್ಕುತ್ತದೆ ಎನ್ನುವ ಭಯವಿದ್ದರೆ ಮುಚ್ಚಳವನ್ನು ಬೆರಳಗಲ ಸರಿಸಿ.

ಫ್ರಿಜ್ಜಿನ ಹಾಲನ್ನು ಅರ್ಧ ಗಂಟೆ ಮೊದಲೇ ಹೊರಗಿಡಿ ಎನ್ನುವ ಸಲಹೆಯನ್ನು ಎಲ್ಲರೂ ಕೊಡುತ್ತಾರೆ. ತಪ್ಪೇನಿಲ್ಲ, ಆದರೆ ಲೀಟರಿಗೆ ಉಳಿಯುವುದು ಮೂರು ಗ್ರಾಂ ಇದ್ದೀತು. ಮುಚ್ಚಳದ ಮುಂದೆ ಅದು ಯಾವ ಲೆಕ್ಕ?

ಕುಕ್ಕರ್: ಕೂಗು ಎಣಿಸಬೇಡಿ

ಕುಕ್ಕರಿನೊಳಗೆ ಒತ್ತಡ ಪೂರ್ತಿ ಏರಿದಾಗ ನೀರು 120 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಬೇಳೆ ಬೇಯಿಸುವುದು ಆ ಬಿಸಿ. ಕೂಗು ಅಂದರೆ ಹೆಚ್ಚಾದ ಆವಿ ಹೊರಬಿದ್ದ ಸದ್ದು, ಅಂದರೆ ಉರಿ ಅಗತ್ಯಕ್ಕಿಂತ ಜೋರಾಗಿದೆ ಎಂದರ್ಥ.

ಒಂದು ಲೋಟ ತೊಗರಿಬೇಳೆಯನ್ನು ತೊಳೆದು ಅರ್ಧ ಗಂಟೆ ನೆನೆಸಿ. ಮೂರು ಲೋಟ ನೀರು, ಚಿಟಿಕೆ ಅರಿಶಿನ, ನಾಲ್ಕು ಹನಿ ಎಣ್ಣೆ ಹಾಕಿ. ಎಣ್ಣೆ ಹಾಕುವುದು ರುಚಿಗಲ್ಲ. ಬೇಳೆಯ ನೊರೆ ಏರಿ ಆವಿ ಕೊಳವೆ ಕಟ್ಟಿಕೊಳ್ಳದಿರಲಿ ಅಂತ. ಬೇಳೆ ಬೇಯಿಸುವಾಗ ಕುಕ್ಕರ್ ಅರ್ಧಕ್ಕಿಂತ ಹೆಚ್ಚು ತುಂಬಬಾರದು ಎನ್ನುವುದಕ್ಕೂ ಇದೇ ಕಾರಣ. ಮೊದಲ ಕೂಗು ಬಂದ ಮೇಲೆ ಸಿಮ್ ಮಾಡಿ ಎಂಟು ನಿಮಿಷ ಬಿಡಿ, ಆರಿಸಿ, ಒತ್ತಡ ತಾನಾಗಿ ಇಳಿಯಲಿ. ಒತ್ತಡ ಇಳಿಯುವ ಆ ಹತ್ತು ನಿಮಿಷವೂ ಬೇಳೆ ಬೇಯುತ್ತಲೇ ಇರುತ್ತದೆ, ಪುಕ್ಕಟೆಯಾಗಿ. ವೆಯ್ಟನ್ನು ಚಮಚದಿಂದ ಎತ್ತಿ ಆವಿ ಬಿಟ್ಟರೆ ಆ ಶಾಖ ಕಿಟಕಿಯಿಂದಾಚೆ ಹೋಯಿತು. ಬೇಳೆಯ ಮೇಲೆ ಅನ್ನದ ಡಬ್ಬಿ, ಅದರ ಮೇಲೆ ಆಲೂಗೆಡ್ಡೆ ಇಟ್ಟರೆ ಒಂದೇ ಉರಿಗೆ ಮೂರೂ ಆಗುತ್ತವೆ.

ಇಷ್ಟು ಮಾಡಿಯೂ ಬೇಳೆ ಬೇಯಲಿಲ್ಲವೇ? ಮೂರು ಕಾರಣ ನೋಡಿ. ಬೇಳೆ ವರ್ಷದ ಹಳೆಯದಿರಬಹುದು. ಹುಣಸೆಹುಳಿ, ಟೊಮೆಟೊ ಮೊದಲೇ ಬಿದ್ದಿರಬಹುದು. ಹುಳಿ ಸೇರಿದರೆ ಬೇಳೆ ಮೆತ್ತಗಾಗುವುದು ನಿಧಾನ. ಇಲ್ಲವೇ ನೀರು ಬೋರ್‌ವೆಲ್ಲಿನದು: ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಬೇಳೆಯನ್ನು ಬಿಗಿ ಹಿಡಿಯುತ್ತವೆ. ಅಂಥ ಮನೆಗಳಲ್ಲಿ ಬೇಳೆಗೆ ಮಾತ್ರ ಕುಡಿಯುವ ಫಿಲ್ಟರ್ ನೀರು ಹಾಕಿದರೆ ಉಳಿಯುವ ಗ್ಯಾಸೇ ಹೆಚ್ಚು ಬೆಲೆಯದು.

ಮೊದಲ ಕೂಗು ಬರಲು ಮೊದಲಿಗಿಂತ ತಡವಾಗುತ್ತಿದ್ದರೆ, ಮುಚ್ಚಳದ ಅಂಚಿನಲ್ಲಿ ಬುಸ್ ಅನ್ನುತ್ತಿದ್ದರೆ ವಾಷರ್ ಸಡಿಲವಾಗಿದೆ. ತಣ್ಣೀರಲ್ಲಿಟ್ಟು ಬಿಗಿ ಮಾಡುವುದು ಆ ಹೊತ್ತಿಗಷ್ಟೇ. ವರ್ಷಕ್ಕೊಂದು ಹೊಸದು ಹಾಕಿ. ಸೇಫ್ಟಿ ವಾಲ್ವಿನಿಂದ ಆವಿ ಬಂದರೆ ಮಾತ್ರ ಉಳಿತಾಯದ ಮಾತು ಬೇಡ. ಒಲೆ ಆರಿಸಿ, ತಣ್ಣಗಾದ ಮೇಲೆ ಆವಿ ಕೊಳವೆ ಸ್ವಚ್ಛ ಮಾಡಿ, ವಾಲ್ವ್ ಬದಲಿಸಿ.

ಕರಾವಳಿಯ ಕುಚ್ಚಲಕ್ಕಿಗೆ ಇನ್ನೂ ಒಳ್ಳೆಯ ದಾರಿಯಿದೆ. ಹತ್ತು ಹದಿನೈದು ನಿಮಿಷ ಚೆನ್ನಾಗಿ ಕುದಿಸಿ, ಬಿಗಿ ಮುಚ್ಚಳ ಹಾಕಿ, ಶಾಖ ಹಿಡಿದಿಡುವ ಥರ್ಮಲ್ ಕುಕ್ಕರಿನೊಳಗಿಟ್ಟು ಒಂದೂವರೆ ಗಂಟೆ ಮುಟ್ಟಬೇಡಿ. ಮಧ್ಯೆ ತೆಗೆದು ನೋಡಿದರೆ ಬಿಸಿ ಇಳಿದು ಅಕ್ಕಿ ನಡುವೆ ಗಟ್ಟಿ ಉಳಿಯುತ್ತದೆ. ಪಾತ್ರೆ ಮುಕ್ಕಾಲು ತುಂಬಿರಬೇಕು. ತಳದಲ್ಲಿ ಸ್ವಲ್ಪವೇ ಇದ್ದರೆ ಬೇಗ ಆರುತ್ತದೆ.

ಬರ್ನರ್, ಸಿಲಿಂಡರ್

ಉರಿ ನೀಲಿ ಇರಬೇಕು. ಹಳದಿ ನಾಲಿಗೆ ಚಾಚಿ ಪಾತ್ರೆಯ ತಳ ಕಪ್ಪಾಗುತ್ತಿದ್ದರೆ ಬರ್ನರಿನ ತೂತು ಕಟ್ಟಿದೆ. ರೆಗ್ಯುಲೇಟರ್ ಆರಿಸಿ, ಬರ್ನರ್ ತಣ್ಣಗಾದ ಮೇಲೆ ತೆಗೆದು, ಹಿತ್ತಾಳೆಯದಾದರೆ ಬಿಸಿನೀರಿಗೆ ಒಂದು ಚಮಚ ವಾಷಿಂಗ್ ಸೋಡಾ ಹಾಕಿ ಅರ್ಧ ಗಂಟೆ ನೆನೆಸಿ, ತೂತುಗಳನ್ನು ಪಿನ್ನಿನಿಂದ ಬಿಡಿಸಿ. ಬೆಳ್ಳಗಿನ ಅಲ್ಯೂಮಿನಿಯಂ ಮಿಶ್ರಲೋಹದ ಬರ್ನರಿಗೆ ಸೋಡಾ ತಾಗಿಸಬೇಡಿ, ಕಪ್ಪಾಗಿ ಸವೆಯುತ್ತದೆ. ಪಾತ್ರೆ ತೊಳೆಯುವ ಸೋಪೇ ಸಾಕು. ಪೂರ್ತಿ ಒಣಗಿದ ಮೇಲೆ ಕೂರಿಸಿ. ಒಳಗೆ ಗ್ಯಾಸು ಚಿಮ್ಮುವ ಸಣ್ಣ ಜೆಟ್ಟಿಗೆ ಮಾತ್ರ ಸೂಜಿ ಚುಚ್ಚಬಾರದು, ತೂತು ದೊಡ್ಡದಾದರೆ ಗ್ಯಾಸು ಹೆಚ್ಚು ಬಂದು ಹಳದಿ ಉರಿ ಕಾಯಂ ಆಗುತ್ತದೆ. ಅದು ರಿಪೇರಿಯವರ ಕೆಲಸ.

ಉರಿ ಪಾತ್ರೆಯ ಪಕ್ಕಗಳಿಗೆ ಏರುತ್ತಿದ್ದರೆ ಅಷ್ಟೂ ದಂಡ. ಸಣ್ಣ ಪಾತ್ರೆಗೆ ಸಣ್ಣ ಬರ್ನರ್.

ಸಿಲಿಂಡರ್ ಬಂದಾಗ ಸೀಲು ನೋಡಿ, ತೂಗಿಸಿಕೊಳ್ಳಿ. ಮೇಲಿನ ಪಟ್ಟಿಯಲ್ಲಿ ಖಾಲಿ ತೂಕ ಬರೆದಿರುತ್ತದೆ, ಅದಕ್ಕೆ 14.2 ಕೂಡಿಸಿದರೆ ಒಟ್ಟು ತೂಕ. ಒಳಗೆಷ್ಟು ಉಳಿದಿದೆ ಎಂದು ತಿಳಿಯಲು ಒದ್ದೆ ಬಟ್ಟೆಯಿಂದ ಮೇಲಿಂದ ಕೆಳಕ್ಕೆ ಒರೆಸಿ ಒಂದೆರಡು ನಿಮಿಷ ಬಿಡಿ: ದ್ರವ ಇರುವಷ್ಟು ಭಾಗ ತಡವಾಗಿ ಒಣಗುತ್ತದೆ. ಮುಗಿಯುವಾಗ ಸಿಲಿಂಡರನ್ನು ಮಲಗಿಸಿ ಉರಿಸುವುದು ಹಲವು ಮನೆಗಳಲ್ಲಿದೆ. ದ್ರವ ರೂಪದ ಗ್ಯಾಸು ಪೈಪಿಗೆ ನುಗ್ಗಿದರೆ ಉರಿ ಒಮ್ಮೆಲೇ ಭಗ್ಗನೆ ಏಳುತ್ತದೆ, ಖಂಡಿತ ಮಾಡಬೇಡಿ. ಸೋರಿಕೆಯನ್ನು ಸೋಪಿನ ನೊರೆಯಿಂದ ಪರೀಕ್ಷಿಸಿ. ತುರ್ತಿಗೆ ಗ್ಯಾಸ್ ಸಹಾಯವಾಣಿ 1906.

ಕೆನೆಯಿಂದ ತುಪ್ಪ: ಯಾವ ಹಾಲಿಗೆ ಲಾಭ

ನಂದಿನಿಯ ನೀಲಿ ಪ್ಯಾಕೆಟ್ ಟೋನ್ಡ್ ಹಾಲಿನಲ್ಲಿ ಕೊಬ್ಬು ಶೇ. 3, ಅಂದರೆ ಲೀಟರಿಗೆ 30 ಗ್ರಾಂ. ಶುಭಂ ಹಾಲಿನಲ್ಲಿ ಶೇ. 4.5. ಕೆನೆಯಾಗಿ ಕೈಗೆ ಸಿಗುವುದು ಅದರಲ್ಲಿ ಒಂದು ಪಾಲು ಮಾತ್ರ. ದಿನಕ್ಕೊಂದು ಲೀಟರ್ ಶುಭಂ ಕಾಯಿಸುವ ಮನೆಯಲ್ಲಿ ತಿಂಗಳಿಗೆ ಅರ್ಧ ಕೆಜಿಯ ಆಚೀಚೆ ತುಪ್ಪ ನಿರೀಕ್ಷಿಸಬಹುದು. ಹೋಮೋಜಿನೈಸ್ಡ್ ಹಾಲಿನಲ್ಲಿ ಕೊಬ್ಬನ್ನು ಸಣ್ಣ ಕಣಗಳಾಗಿ ಒಡೆದಿರುತ್ತಾರೆ, ದಪ್ಪ ಕೆನೆ ಕಟ್ಟುವುದೇ ಇಲ್ಲ. ಪ್ಯಾಕೆಟ್ ಓದಿ ಕೊಳ್ಳಿ.

ಹಾಲು ಕಾಯಿಸಿ, ಆರಿಸಿ, ಫ್ರಿಜ್ಜಿನಲ್ಲಿಟ್ಟು ಮರುದಿನ ಕೆನೆ ತೆಗೆದು ಸ್ಟೀಲ್ ಡಬ್ಬಿಗೆ ಹಾಕಿ ಫ್ರೀಜರಿನಲ್ಲಿಡಿ. ಫ್ರಿಜ್ಜಿನ ಕೆಳಭಾಗದಲ್ಲಿಟ್ಟು ವಾರ ಮೀರಿದರೆ ಕಹಿ ವಾಸನೆ ಬರುತ್ತದೆ, ಅದು ತುಪ್ಪದಲ್ಲೂ ಉಳಿಯುತ್ತದೆ. ಡಬ್ಬಿ ತುಂಬಿದಾಗ ಹೊರಗಿಟ್ಟು ಕರಗಿಸಿ, ಎರಡು ಚಮಚ ಮೊಸರು ಬೆರೆಸಿ ರಾತ್ರಿ ಬಿಡಿ. ಬೆಳಿಗ್ಗೆ ಅಷ್ಟೇ ಪ್ರಮಾಣದ ಐಸ್ ನೀರು ಸೇರಿಸಿ ಕಡೆಯಿರಿ, ಇಲ್ಲವೇ ಮಿಕ್ಸಿಯಲ್ಲಿ ನಿಲ್ಲಿಸಿ ನಿಲ್ಲಿಸಿ ತಿರುಗಿಸಿ. ಬೆಣ್ಣೆ ಒಟ್ಟುಗೂಡದೆ ಪಾಯಸದಂತೆ ತೆಳ್ಳಗೆ ನಿಂತರೆ ಬಿಸಿ ಹೆಚ್ಚಾಗಿದೆ. ಇಡೀ ಪಾತ್ರೆಯನ್ನು ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು ಮತ್ತೆ ಕಡೆದರೆ ಮುದ್ದೆ ಕಟ್ಟುತ್ತದೆ. ಬೆಣ್ಣೆಯನ್ನು ಎರಡು ಮೂರು ನೀರಲ್ಲಿ, ನೀರು ತಿಳಿಯಾಗುವ ತನಕ ತೊಳೆಯಿರಿ. ಮಜ್ಜಿಗೆ ಉಳಿದರೆ ತಳ ಹಿಡಿಯುತ್ತದೆ. ದಪ್ಪ ತಳದ ಪಾತ್ರೆಯಲ್ಲಿ ಸಣ್ಣ ಉರಿ. ಚಟಪಟ ಸದ್ದು ನಿಂತರೆ ನೀರು ಹೋಗಿದೆ ಎಂದರ್ಥ. ಗಸಿ ಹೊಂಬಣ್ಣಕ್ಕೆ ತಿರುಗುವಾಗಲೇ ಆರಿಸಿ, ಪಾತ್ರೆಯ ಬಿಸಿಗೆ ಇನ್ನೊಂದಿಷ್ಟು ಕೆಂಪಾಗುತ್ತದೆ. ಒಂದು ವೀಳ್ಯದೆಲೆ ಹಾಕಿ ಸೋಸಿ. ಗಸಿಯನ್ನು ಚಪಾತಿ ಹಿಟ್ಟಿಗೆ ಕಲಸಿ, ಕಡೆದ ಮಜ್ಜಿಗೆ ಮಜ್ಜಿಗೆಹುಳಿಗೆ.

ಹುಳ, ಕೊಳೆ, ಹುಳಿ

ತಿಂಗಳಿಗೆ ಬೇಕಾದಷ್ಟೇ ರವೆ ತನ್ನಿ. ತಂದ ದಿನವೇ ಬೆಚ್ಚಗೆ ಹುರಿದು, ಪೂರ್ತಿ ಆರಿದ ಮೇಲೆ ಡಬ್ಬಿಗೆ ಹಾಕಿ. ಬೇಳೆಯನ್ನು ಬಿಸಿಲಿಗೆ ಹಾಕಿದರೂ ಅಷ್ಟೇ: ಬಿಸಿಯಿರುವಾಗಲೇ ಡಬ್ಬಿ ಮುಚ್ಚಿದರೆ ಒಳಗೆ ಬೆವರಿ ಬೂಸ್ಟು ಬರುತ್ತದೆ, ಬಿಸಿಲಿಗೆ ಹಾಕಿದ್ದೇ ವ್ಯರ್ಥ. ಹೆಚ್ಚು ದಿನ ಇಡುವ ತೊಗರಿಬೇಳೆಗೆ ಕೆಜಿಗೊಂದು ಸಣ್ಣ ಚಮಚ ಹರಳೆಣ್ಣೆ ಸವರುವುದು ಹಳೆಯ ಪದ್ಧತಿ, ಈಗಲೂ ಕೆಲಸ ಮಾಡುತ್ತದೆ. ಬೇಯಿಸುವ ಮೊದಲು ಬಿಸಿನೀರಲ್ಲಿ ತೊಳೆದರಾಯಿತು.

ಕೊತ್ತಂಬರಿ ಸೊಪ್ಪನ್ನು ತೊಳೆದು ಇಟ್ಟರೆ ಮೂರೇ ದಿನಕ್ಕೆ ಲೋಳೆ. ಬೇರು ಕತ್ತರಿಸಿ, ಕೊಳೆತ ಎಲೆ ಆಯ್ದು, ಒಣ ಬಟ್ಟೆಯಲ್ಲಿ ಸುತ್ತಿ ಡಬ್ಬಿಯಲ್ಲಿಡಿ. ಬಟ್ಟೆ ಒದ್ದೆಯಾದಾಗ ಬದಲಿಸಿ. ಹಸಿಮೆಣಸಿನಕಾಯಿಯ ತೊಟ್ಟು ಮುರಿದಿಡಿ. ತೆಂಗಿನಕಾಯಿ ಒಡೆದಾಗ ಕಣ್ಣಿರುವ ಹೋಳನ್ನು ಮೊದಲು ಬಳಸಿ, ಇನ್ನೊಂದನ್ನು ತುರಿದು ಚಪ್ಪಟೆಯಾಗಿ ಫ್ರೀಜರಿನಲ್ಲಿಟ್ಟರೆ ಬೇಕಾದಷ್ಟೇ ಮುರಿದುಕೊಳ್ಳಬಹುದು.

ಇಡ್ಲಿ ಹಿಟ್ಟು ಹುಳಿಯಾಗಿ ಚೆಲ್ಲುವುದಕ್ಕೆ ಕಾರಣ, ಎಲ್ಲವನ್ನೂ ಒಟ್ಟಿಗೆ ಹುದುಗು ಬರಿಸುವುದು. ರುಬ್ಬಿದ ಕೂಡಲೇ ಎರಡು ಪಾಲು ಮಾಡಿ, ಒಂದನ್ನು ಹುದುಗು ಬರುವ ಮೊದಲೇ ಫ್ರಿಜ್ಜಿಗೆ ಹಾಕಿ. ಬೇಕಾದ ಹಿಂದಿನ ರಾತ್ರಿ ತೆಗೆದಿಟ್ಟರೆ ಬೆಳಿಗ್ಗೆ ಹೊಸ ಹಿಟ್ಟಿನ ಇಡ್ಲಿಯೇ. ಆಗಲೇ ಹುಳಿಯಾಗಿದ್ದಕ್ಕೆ ಈರುಳ್ಳಿ, ಮೆಣಸಿನಕಾಯಿ, ಸ್ವಲ್ಪ ರವೆ ಸೇರಿಸಿ ಪಡ್ಡು ಹಾಕಿ.

ಮಧ್ಯಾಹ್ನದ ಅನ್ನ ರಾತ್ರಿಯ ಚಿತ್ರಾನ್ನಕ್ಕೆ ಬೇಕಿದ್ದರೆ ಎರಡು ಗಂಟೆಯೊಳಗೆ ಹರಡಿ ಆರಿಸಿ ಫ್ರಿಜ್ಜಿಗಿಡಿ. ಸೆಕೆಯಲ್ಲಿ ಕುಕ್ಕರಿನಲ್ಲೇ ಉಳಿದ ಅನ್ನದಲ್ಲಿ ಬೆಳೆಯುವ ಬ್ಯಾಕ್ಟೀರಿಯಾದ ವಿಷ ಒಗ್ಗರಣೆಯ ಬಿಸಿಗೂ ಹೋಗುವುದಿಲ್ಲ. ಅಂಥದ್ದನ್ನು ಉಳಿಸಲು ಹೋಗಬೇಡಿ, ಔಷಧಿಯ ಬಿಲ್ಲು ಅನ್ನಕ್ಕಿಂತ ದುಬಾರಿ.

ಸಿಪ್ಪೆಗಳ ವಿಷಯದಲ್ಲಿ ಕನ್ನಡ ಅಡುಗೆಗೆ ಯಾರೂ ಹೇಳಿಕೊಡಬೇಕಿಲ್ಲ: ಹೀರೆಕಾಯಿ ಸಿಪ್ಪೆಯ ಚಟ್ನಿ, ಕಲ್ಲಂಗಡಿಯ ಬಿಳಿ ತಿರುಳಿನ ದೋಸೆ, ಕಿತ್ತಳೆ ಸಿಪ್ಪೆಯ ಗೊಜ್ಜು, ಸೊಪ್ಪು ಕಾಳು ಬೇಯಿಸಿದ ನೀರಿನ ಬಸ್ಸಾರು. ಹೀರೆ ಸಿಪ್ಪೆಯನ್ನು ತೆಳುವಾಗಿ ಹೆರೆದು, ಹಸಿ ವಾಸನೆ ಹೋಗಿ ಅಂಚು ಗರಿಯಾಗುವವರೆಗೆ ಎಣ್ಣೆಯಲ್ಲಿ ಹುರಿಯದಿದ್ದರೆ ಚಟ್ನಿ ನಾರುನಾರಾಗುತ್ತದೆ. ಕಾಯಿ ಕಹಿಯಿದ್ದರೆ ಸಿಪ್ಪೆ ಇನ್ನೂ ಕಹಿ, ಒಂದು ಚೂರು ಕಚ್ಚಿ ನೋಡಿ.

ಇದಾದ ಮೇಲೂ ಉಳಿದದ್ದು ಗೊಬ್ಬರಕ್ಕೆ. ತೂತಿರುವ ಬಕೆಟ್ಟಿಗೆ ಒಂದು ಪದರ ಸಿಪ್ಪೆ, ಅದರ ಮೇಲೆ ಅಷ್ಟೇ ಒಣ ಎಲೆ ಅಥವಾ ತೆಂಗಿನ ನಾರಿನ ಪುಡಿ. ವಾಸನೆ ಬಂದರೆ ಒದ್ದೆ ಹೆಚ್ಚಾಗಿದೆ, ಒಣದ್ದನ್ನು ಸೇರಿಸಿ ಕೆದಕಿ. ಬಿಳಿ ಹುಳ ಕಂಡರೆ ಹೆದರಬೇಡಿ, ಅವು ಗೊಬ್ಬರದ ಕೆಲಸ ಬೇಗ ಮುಗಿಸುತ್ತವೆ. ಬಕೆಟ್ ತುಂಬಿದ ಮೇಲೆ ಎರಡು ತಿಂಗಳು ಮುಚ್ಚಿಟ್ಟು, ಮಣ್ಣಿನ ವಾಸನೆ ಬಂದಾಗ ಕುಂಡಗಳಿಗೆ ಒಂದೊಂದು ಹಿಡಿ ಹಾಕಿ.