ಮೇಜಿನ ಕೆಳಗಿನ ಮಗು

ಘಾನಾ ದೇಶದ ಅಕ್ರಾ ನಗರದ ಒಂದು ಬಡಾವಣೆ ಮಾರ್ಕೆಟ್ಟಿಗೆ ಹೊಸ ಕಟ್ಟಡದ ನಕ್ಷೆ ಮಾಡಲು ಹೋದ ಮೊದಲ ದಿನ ನಾನು ಚೀಲದಿಂದ ಅಳತೆ ಟೇಪು ತೆಗೆದಿದ್ದೇ ತಪ್ಪಾಯಿತು. ಟೊಮೇಟೊ ಸಾಲಿನ ಹೆಂಗಸರೆಲ್ಲ ಗಪ್‌ಚುಪ್. ಕಾರಣ ಆಮೇಲೆ ಗೊತ್ತಾಯಿತು. 1924ರಲ್ಲಿ ಕಟ್ಟಿದ್ದ, ಅದೇ ನಗರದ ಮಕೋಲಾ ಮಾರುಕಟ್ಟೆಯನ್ನು 1979ರ ಆಗಸ್ಟಿನಲ್ಲಿ ಸೈನಿಕರು ನೆಲಸಮ ಮಾಡಿದ್ದರು. ಬೆಲೆ ಏರಿಕೆಗೆ ಈ ವ್ಯಾಪಾರದ ಹೆಂಗಸರೇ ಕಾರಣ ಅಂತ ಆಗಿನ ಮಿಲಿಟರಿ ಸರ್ಕಾರದ ಆರೋಪ. ಆ ಜಾಗ ವಾಹನ ನಿಲ್ಲಿಸುವ ಬಯಲಾಯಿತು. ವಯಸ್ಸಾದವರು ಅದನ್ನಿನ್ನೂ ಮರೆತಿಲ್ಲ.

ಅಲ್ಲಿ ಒಂದೊಂದು ಸರಕಿಗೂ ಒಬ್ಬ 'ಒಹೆಮ್ಮಾ' ಇರುತ್ತಾರೆ, ಅಂದರೆ ರಾಣಿ. ಮಾರನೆಯ ದಿನ ಟೊಮೇಟೊ ರಾಣಿಯ ಎದುರು ಸ್ಟೂಲಿನ ಮೇಲೆ ಕೂತು ಅಪ್ಪಣೆ ಕೇಳಿದೆ. (ಹಿರಿಯ ಹೆಂಗಸರಿಗೆ ಅಲ್ಲೂ 'ಆಂಟಿ' ಅಂತಲೇ ಅನ್ನುವುದು. ಅಷ್ಟಾದರೂ ಭಾಷೆ ಬಂತಲ್ಲ ಅಂದುಕೊಂಡೆ.)

ನನ್ನ ನಕ್ಷೆ ಎರಡಂತಸ್ತಿನದು. ಸಿಮೆಂಟಿನ ಕಟ್ಟೆ, ಕಟ್ಟೆ ಕೆಳಗೆ ಬೀಗ ಹಾಕುವ ಗೂಡು, ಮಹಡಿಯ ಮೂಲೆಯಲ್ಲೊಂದು ಶಿಶುವಿಹಾರ. ಆಂಟಿ ನೋಡಿ, "ಮಗು ಎಲ್ಲಿ ಮಲಗಬೇಕು?" ಅಂದರು. ಬಗ್ಗಿ ಮೇಜಿನ ಇಳಿಬಟ್ಟೆ ಸರಿಸಿದರು. ರಟ್ಟಿನ ಪೆಟ್ಟಿಗೆಯಲ್ಲಿ ಮಡಿಸಿದ ಬಟ್ಟೆಯ ಮೇಲೆ ಮೊಮ್ಮಗು ನಿದ್ದೆ ಹೋಗಿತ್ತು. ಪಕ್ಕದಲ್ಲಿ ಯೂನಿಫಾರ್ಮಿನ ಹುಡುಗಿಯೊಬ್ಬಳು ಟೊಮೇಟೊ ಪೆಟ್ಟಿಗೆ ಬೋರಲು ಹಾಕಿಕೊಂಡು ಲೆಕ್ಕ ಮಾಡುತ್ತಿದ್ದಳು.

ಗಿರಾಕಿ ಬಿಟ್ಟು ಹಾಲೂಡಿಸಲು ಗಳಿಗೆಗೊಮ್ಮೆ ಮೆಟ್ಟಿಲು ಹತ್ತುವ ತಾಯಿ ಯಾರು? ಮಹಡಿ ಹತ್ತಿ ಟೊಮೇಟೊ ಕೊಳ್ಳುವವರು ನಮ್ಮೂರಲ್ಲೂ ಇಲ್ಲ. ಅದು ಮೊದಲೇ ಹೊಳೆಯಬೇಕಿತ್ತು. ಮಹಡಿಯನ್ನು ಗೋದಾಮಿಗೂ ಹೊಲಿಗೆಯವರಿಗೂ ಬಿಟ್ಟೆವು. ಹೊಲಿಗೆಗಾದರೆ ಜನ ಹುಡುಕಿಕೊಂಡು ಬರುತ್ತಾರೆ. ಶಿಶುವಿಹಾರ ಟೊಮೇಟೊ ಸಾಲಿನ ತುದಿಗೇ ಇಳಿಯಿತು, ಸೊಂಟದೆತ್ತರದ ಗೋಡೆ ಅಷ್ಟೆ, ಕೂತಲ್ಲಿಂದಲೇ ಮಗು ಕಾಣಬೇಕು. ಕಟ್ಟೆ ಕೆಳಗಿನ ಗೂಡಿನಲ್ಲಿ ಅರ್ಧಕ್ಕೆ ಬೀಗ, ಉಳಿದರ್ಧ ತೆರೆದದ್ದು. ಮಳೆನೀರು ನುಗ್ಗದಂತೆ ನೆಲದಿಂದ ಒಂದು ಗೇಣು ಎತ್ತರ, ಗಾಳಿಗೆ ಹಿಂದೆ ಜಾಲರಿ. ಶೌಚಾಲಯದ ದೀಪ ಬೆಳಕು ಹರಿಯುವ ಮೊದಲೇ ಉರಿಯಬೇಕು ಅಂತ ಆಂಟಿ ಮೂರು ಸಲ ಹೇಳಿದರು, ಮೂರು ಸಲವೂ ಬರೆದುಕೊಂಡೆ.

ಜಗಳ ಬಂದಿದ್ದು 'ಕಾಯಾಯೇ'ಗಳ ವಿಷಯಕ್ಕೆ. ಉತ್ತರದ ಜಿಲ್ಲೆಗಳಿಂದ ಬಂದು ತಲೆಹೊರೆ ಹೊರುವ ಹುಡುಗಿಯರು. ಕೆಲವರ ಬೆನ್ನಿಗೆ ಕೂಸೂ ಕಟ್ಟಿರುತ್ತದೆ. ಮಳಿಗೆಯಿಲ್ಲ, ಆದ್ದರಿಂದ ಸಭೆಯಲ್ಲಿ ಅವರ ಪರ ಮಾತೂ ಇಲ್ಲ. ಎಷ್ಟು ವಾದಿಸಿದರೂ ದಕ್ಕಿದ್ದು ಒಂದು ನಲ್ಲಿ, ಇನ್ನೊಬ್ಬರ ನೆರವಿಲ್ಲದೆ ಹೊರೆ ಇಳಿಸಲು ಭುಜದೆತ್ತರದ ಒಂದು ಕಟ್ಟೆ. ರಾತ್ರಿ ಅವರು ಈಗಲೂ ಮಳಿಗೆಗಳ ಮುಂದಿನ ಜಗಲಿಯಲ್ಲೇ ಮಲಗುತ್ತಾರೆ.