ಕೀಲಿ ಹಿಡಿಯುವ ಮುಂಚೆ ರೇಡಿಯೇಟರ್ ಮುಟ್ಟಿ ನೋಡಿ

ಬ್ರಿಟನ್ನಿನಲ್ಲಿ ಚಳಿ ಶುರುವಾಗಿ ಹೀಟಿಂಗ್ ಹಾಕಿದ ಕೂಡಲೇ ಈ ತೊಂದರೆ ತಲೆಯೆತ್ತುತ್ತದೆ. ಬಾಯ್ಲರ್ ಉರಿಯುತ್ತಿರುತ್ತದೆ, ನಲ್ಲಿಯಲ್ಲಿ ಬಿಸಿನೀರೂ ಬರುತ್ತದೆ, ಆದರೆ ಬಿಸಿನೀರು ಹರಿದು ಕೋಣೆ ಬೆಚ್ಚಗಿಡುವ ರೇಡಿಯೇಟರ್ ಫಲಕಗಳಲ್ಲಿ ಒಂದೋ ಎರಡೋ ಮಾತ್ರ ತಣ್ಣಗೆ ಕೂತಿರುತ್ತವೆ. ಯಾರನ್ನು ಕೇಳಿದರೂ ‘ಬ್ಲೀಡ್ ಮಾಡಿ’, ಅಂದರೆ ಒಳಗಿನ ಗಾಳಿ ಹೊರಬಿಡಿ, ಎನ್ನುತ್ತಾರೆ. ಅದು ನಾಲ್ಕೈದು ಕಾರಣಗಳಲ್ಲಿ ಒಂದಕ್ಕೆ ಮಾತ್ರ ಮದ್ದು. ಕಾರಣ ಗೊತ್ತಿಲ್ಲದೆ ಪದೇಪದೇ ಬ್ಲೀಡ್ ಮಾಡುತ್ತಾ ಹೋದರೆ ವ್ಯವಸ್ಥೆ ಒಳಗೊಳಗೇ ಹಾಳಾಗುತ್ತದೆ. ಹಾಗಾಗಿ ನಾನು ಮೊದಲು ಅರ್ಧ ಗಂಟೆ ಹೀಟಿಂಗ್ ಓಡಿಸುತ್ತೇನೆ. ಆಮೇಲೆ ಪ್ರತಿ ರೇಡಿಯೇಟರಿನ ಮೇಲೆ, ಕೆಳಗೆ, ನಡುವೆ ಮುಟ್ಟಿ ನೋಡಿ, ಎಲ್ಲಿ ತಣ್ಣಗಿದೆ ಎಂದು ಚೀಟಿಯಲ್ಲಿ ಬರೆದುಕೊಳ್ಳುತ್ತೇನೆ.

ಆ ಚೀಟಿಯಲ್ಲೇ ಅರ್ಧ ಉತ್ತರ ಇರುತ್ತದೆ. ಕೆಳಗೆ ಬಿಸಿ, ಮೇಲೆ ತಣ್ಣಗಿದ್ದರೆ ಗಾಳಿ ಸೇರಿದೆ. ಮೇಲೆ ಬಿಸಿಯಿದ್ದು ಕೆಳಗೆ, ಅದರಲ್ಲೂ ನಡುಭಾಗದ ತಳದಲ್ಲಿ ತಣ್ಣಗಿದ್ದರೆ ಗಸಿ ಕೂತಿದೆ. ಒಂದೇ ರೇಡಿಯೇಟರ್ ಪೂರ್ತಿ ತಣ್ಣಗಿದ್ದು ಉಳಿದವೆಲ್ಲ ಬಿಸಿಯಿದ್ದರೆ ಅದರ ವಾಲ್ವನ್ನು ಅನುಮಾನಿಸಬೇಕು. ಬಾಯ್ಲರಿಗೆ ಹತ್ತಿರದವು ಸುಡುತ್ತಿದ್ದು ದೂರದವು ಉಗುರುಬೆಚ್ಚಗಿದ್ದರೆ ನೀರಿನ ಹಂಚಿಕೆ ಸರಿಯಿಲ್ಲ. ಎಲ್ಲವೂ ತಣ್ಣಗಿದ್ದರೆ ರೇಡಿಯೇಟರ್‌ಗಳ ತಂಟೆಗೇ ಹೋಗಬೇಡಿ. ಮೊದಲು ಥರ್ಮೋಸ್ಟ್ಯಾಟ್, ಟೈಮರ್, ಪ್ರೆಷರ್ ಗೇಜ್ ನೋಡಿ. ಅವು ಸರಿಯಿದ್ದು ನಲ್ಲಿಗೆ ಮಾತ್ರ ಬಿಸಿನೀರು ಬರುತ್ತಿದ್ದರೆ, ಹೀಟಿಂಗಿಗೂ ನಲ್ಲಿಗೂ ಒಂದೇ ಆಗಿರುವ ಕಾಂಬಿ ಬಾಯ್ಲರಿನ ಒಳಗೆ, ಬಿಸಿಯನ್ನು ಅತ್ತ ಇತ್ತ ತಿರುಗಿಸುವ ಡೈವರ್ಟರ್ ವಾಲ್ವ್ ಸಿಕ್ಕಿಹಾಕಿಕೊಂಡಿರಬಹುದು. ಬಾಯ್ಲರಿನ ಮುಚ್ಚಳ ಬಿಚ್ಚುವ ಕೆಲಸ ಗ್ಯಾಸ್ ಸೇಫ್, ಅಂದರೆ ಗ್ಯಾಸ್ ಕೆಲಸಗಾರರ ಅಧಿಕೃತ ಪಟ್ಟಿಯ, ನೋಂದಣಿ ಇರುವವರದ್ದು, ನಮ್ಮದಲ್ಲ.

ಬೇಸಿಗೆ ಕಳೆದ ಮೇಲೆ ಅತಿ ಹೆಚ್ಚು ಕಾಣುವುದು ವಾಲ್ವಿನ ಪಿನ್ ಅಂಟಿಕೊಳ್ಳುವ ತೊಂದರೆ. ಒಂದರಿಂದ ಐದರವರೆಗೆ ಅಂಕಿ ಇರುವ ಥರ್ಮೋಸ್ಟ್ಯಾಟಿಕ್ ವಾಲ್ವಿನ ತಲೆಯೊಳಗೆ ಬಿಸಿಗೆ ಹಿಗ್ಗುವ ಮೇಣ ಅಥವಾ ದ್ರವ ಇರುತ್ತದೆ. ಕೋಣೆ ಬೆಚ್ಚಗಾದಾಗ ಅದು ಹಿಗ್ಗಿ ಪಿನ್ನನ್ನು ಒತ್ತುತ್ತದೆ, ನೀರು ನಿಲ್ಲುತ್ತದೆ. ತಿಂಗಳುಗಟ್ಟಲೆ ಒತ್ತಿದ ಸ್ಥಿತಿಯಲ್ಲೇ ಇದ್ದ ಪಿನ್ ಚಳಿ ಬಂದಾಗ ಮೇಲೇಳುವುದಿಲ್ಲ. ತಲೆಯನ್ನು ಐದಕ್ಕೆ ತಿರುಗಿಸಿ, ಅದರ ಬುಡದ ಉಂಗುರವನ್ನು ಕೈಯಿಂದಲೇ ಸಡಿಲಿಸಿದರೆ ತಲೆ ಹೊರಬರುತ್ತದೆ, ನೀರು ಬರುವುದಿಲ್ಲ. ನಡುವೆ ಕಾಣುವ ಸಣ್ಣ ಪಿನ್ನನ್ನು ಸ್ಪ್ಯಾನರಿನ ಚಪ್ಪಟೆ ಮೈಯಿಂದ ಒತ್ತಿ ಬಿಡಿ. ಎರಡು ಮೂರು ಮಿಲಿಮೀಟರ್ ಒಳಹೋಗಿ, ಒಳಗಿನ ಸ್ಪ್ರಿಂಗಿನ ಬಲಕ್ಕೆ ತಾನೇ ಎದ್ದು ಬರಬೇಕು. ಬರದಿದ್ದರೆ ವಾಲ್ವಿನ ಹಿತ್ತಾಳೆ ಮೈಗೆ ಪಕ್ಕದಿಂದ ಮೆಲ್ಲಗೆ ತಟ್ಟಿ, ಪಿನ್ನಿನ ಬುಡಕ್ಕೆ ಒಂದು ಹನಿ ಸಿಲಿಕಾನ್ ಸ್ಪ್ರೇ ಬಿಟ್ಟು, ಒತ್ತುವುದು ಬಿಡುವುದು ಮಾಡುತ್ತಿರಿ. ಬಿಟ್ಟುಕೊಂಡ ಕ್ಷಣ ಪೈಪಿನಲ್ಲಿ ನೀರು ಹರಿಯುವ ಸದ್ದು ಕೇಳುತ್ತದೆ, ಒಂದೆರಡು ನಿಮಿಷದಲ್ಲಿ ಪೈಪು ಬಿಸಿಯಾಗುತ್ತದೆ. ಇಕ್ಕಳ ಹಾಕಿ ಪಿನ್ನನ್ನು ಎಳೆಯಲೇಬೇಡಿ. ಅದು ಕಿತ್ತುಬಂದರೆ ಒತ್ತಡದಲ್ಲಿರುವ ಕಪ್ಪು ನೀರು ನೇರ ಕಾರ್ಪೆಟ್ಟಿಗೆ ಚಿಮ್ಮುತ್ತದೆ. ಪಿನ್ ಸರಾಗವಾಗಿ ಆಡುತ್ತಿದ್ದು, ತಲೆ ತೆಗೆದಾಗ ಮಾತ್ರ ರೇಡಿಯೇಟರ್ ಬಿಸಿಯಾಗುತ್ತಿದ್ದರೆ ತಲೆ ಕೆಟ್ಟಿದೆ, ಇಲ್ಲವೇ ಪರದೆಯೋ ಸೋಫಾವೋ ಅದರ ಸುತ್ತ ಬಿಸಿಯನ್ನು ಹಿಡಿದಿಟ್ಟಿದೆ. ಬೇಸಿಗೆಯಲ್ಲಿ ಎಲ್ಲ ತಲೆಗಳನ್ನೂ ಐದರಲ್ಲೇ ಬಿಟ್ಟರೆ ಈ ತಾಪತ್ರಯ ಬಹುಮಟ್ಟಿಗೆ ತಪ್ಪುತ್ತದೆ. ಇನ್ನೊಂದು ತುದಿಯಲ್ಲಿ ನೀರಿನ ಹರಿವನ್ನು ಹೊಂದಿಸಿಡುವ ಲಾಕ್‌ಶೀಲ್ಡ್ ವಾಲ್ವನ್ನೂ ಟೋಪಿ ತೆಗೆದು ನೋಡಿ. ಬಣ್ಣ ಬಳಿಯುವವರು ರೇಡಿಯೇಟರ್ ಇಳಿಸುವಾಗ ಮುಚ್ಚಿ ಹಾಗೇ ಬಿಟ್ಟುಹೋಗಿರುವುದುಂಟು.

ಗಾಳಿ ತೆಗೆಯುವುದು ಸುಲಭ. ಹೀಟಿಂಗ್ ಆರಿಸಿ, ನೀರು ತಣಿಯಲು ಬಿಡಿ. ಕೆಳಮಹಡಿಯಿಂದ ಶುರುಮಾಡಿ. ರೇಡಿಯೇಟರಿನ ಮೇಲ್ತುದಿಯ ಬ್ಲೀಡ್ ಸ್ಕ್ರೂಗೆ ಕೀಲಿ ಹಾಕಿ ಎಡಕ್ಕೆ ಕಾಲು ಸುತ್ತು, ಹೆಚ್ಚೆಂದರೆ ಅರ್ಧ ಸುತ್ತು ತಿರುಗಿಸಿ, ಕೆಳಗೆ ಬಟ್ಟೆ ಹಿಡಿದುಕೊಳ್ಳಿ. ಬುಸ್ ಎನ್ನುವುದು ನಿಂತು ನೀರು ಒಂದೇ ಧಾರೆಯಲ್ಲಿ ಬಂದಾಗ ಮುಚ್ಚಿ. ಆಮೇಲೆ ಬಾಯ್ಲರಿನ ಗೇಜ್ ನೋಡಬೇಕು. ತಣ್ಣಗಿದ್ದಾಗ 1ರಿಂದ 1.5 ಬಾರ್ ಇರಬೇಕು. ಕಡಿಮೆಯಾಗಿದ್ದರೆ ಫಿಲ್ಲಿಂಗ್ ಲೂಪಿನ, ಅಂದರೆ ಬಾಯ್ಲರಿನ ಅಡಿಯಲ್ಲಿ ಹೆಣೆದ ಉಕ್ಕಿನ ಕೊಳವೆಯ, ಎರಡೂ ವಾಲ್ವ್ ನಿಧಾನ ತೆರೆದು ತುಂಬಿಸಿ, ಎರಡನ್ನೂ ಬಿಗಿಯಾಗಿ ಮುಚ್ಚಿ. 3 ಬಾರ್ ಮುಟ್ಟಿದರೆ ಸುರಕ್ಷಾ ವಾಲ್ವ್ ತೆರೆದು ನೀರು ಮನೆಯ ಹೊರಗೆ ಸುರಿಯುತ್ತದೆ.

ಅದೇ ರೇಡಿಯೇಟರಿನಲ್ಲಿ ಕೆಲವೇ ವಾರಗಳಲ್ಲಿ ಮತ್ತೆ ಗಾಳಿ ತುಂಬಿದರೆ ಕೀಲಿ ಬದಿಗಿಡಿ. ಪ್ರೆಷರ್ ಕೂಡ ಇಳಿಯುತ್ತಿದ್ದರೆ ಎಲ್ಲೋ ಸೋರುತ್ತಿದೆ. ಪ್ರೆಷರ್ ಇಳಿಯದೆಯೂ ಗಾಳಿ ತುಂಬುತ್ತಿದ್ದರೆ ಅದು ಹೊರಗಿನ ಗಾಳಿಯಲ್ಲ, ಒಳಗೆ ಉಕ್ಕು ತುಕ್ಕು ಹಿಡಿಯುವಾಗ ಹುಟ್ಟುವ ಜಲಜನಕ. ಅದು ಉರಿಯುವ ಅನಿಲ, ಬ್ಲೀಡ್ ಮಾಡುವಾಗ ಬೆಂಕಿ ಹತ್ತಿರ ಸುಳಿಯಬಾರದು. ಪ್ರತಿ ಸಲ ಬ್ಲೀಡ್ ಮಾಡಿ ಹೊಸ ನೀರು ತುಂಬಿಸಿದಾಗಲೂ ಅದರೊಂದಿಗೆ ಕರಗಿದ ಆಮ್ಲಜನಕ ಒಳಹೋಗುತ್ತದೆ, ತುಕ್ಕು ಇನ್ನಷ್ಟು ಬೆಳೆಯುತ್ತದೆ. ಬ್ಲೀಡ್ ಮಾಡಿದ ನೀರನ್ನು ಬಿಳಿ ಬಟ್ಟಲಿನಲ್ಲಿ ಹಿಡಿದು ಕೆಳಗಿನಿಂದ ಅಯಸ್ಕಾಂತ ಆಡಿಸಿ. ಕಾಡಿಗೆಯಂಥ ಕಪ್ಪು ಪುಡಿ ಅದರ ಹಿಂದೆ ಸರಿದರೆ ಅದು ಮ್ಯಾಗ್ನೆಟೈಟ್, ಕಬ್ಬಿಣದ ಆಕ್ಸೈಡ್. ರೇಡಿಯೇಟರಿನ ತಳದಲ್ಲಿ ಕೂರುವ ಗಸಿ ಇದೇ.

ಒಂದೆರಡರಲ್ಲಿ ಮಾತ್ರ ಗಸಿ ಇದ್ದರೆ ಇಳಿಸಿ ತೊಳೆಯುವುದೇ ಉತ್ತಮ. ತಣ್ಣಗಾದ ಮೇಲೆ ಥರ್ಮೋಸ್ಟ್ಯಾಟ್ ತಲೆ ತೆಗೆದು, ಪಿನ್ನನ್ನು ಒತ್ತಿಹಿಡಿಯುವ ಟೋಪಿಯನ್ನು ಹಾಕಿ. ತಲೆಯನ್ನು ಸೊನ್ನೆಗೆ ತಿರುಗಿಸಿ ಬಿಟ್ಟರೆ ಸಾಲದು, ಕೋಣೆ ತುಂಬ ತಣ್ಣಗಾದರೆ ಅದು ತಾನೇ ತೆರೆದುಕೊಳ್ಳುತ್ತದೆ. ಲಾಕ್‌ಶೀಲ್ಡ್ ಪೂರ್ತಿ ಮುಚ್ಚಲು ಎಷ್ಟು ಸುತ್ತು ಬೇಕಾಯಿತು ಎಂದು ಬರೆದಿಡಿ. ಅಡಿಯಲ್ಲಿ ಅಗಲದ ತಟ್ಟೆ, ಹಳೇ ಟವೆಲ್ ಇಟ್ಟು, ಒಂದು ಸ್ಪ್ಯಾನರಿನಿಂದ ವಾಲ್ವ್ ಮೈ ಅಲುಗದಂತೆ ಹಿಡಿದು ಇನ್ನೊಂದರಿಂದ ನಟ್ ಸಡಿಲಿಸಿ. ಆಮೇಲೆ ಬ್ಲೀಡ್ ಸ್ಕ್ರೂ ತೆರೆದರೆ ನೀರು ಇಳಿಯುತ್ತದೆ. ದೊಡ್ಡ ಡಬಲ್ ಪ್ಯಾನೆಲ್ ಎತ್ತಲು ಇಬ್ಬರು ಬೇಕು, ಒಯ್ಯುವಾಗ ತೂತುಗಳಿಗೆ ಬಟ್ಟೆ ತುರುಕಿ. ಈ ಕಪ್ಪು ಕಲೆ ಕಾರ್ಪೆಟ್ಟಿನಿಂದ ಹೋಗುವುದಿಲ್ಲ. ಹಿತ್ತಲಿನಲ್ಲಿ ಎರಡೂ ತುದಿಯಿಂದ ಹೋಸ್ ಹಾಯಿಸಿ, ರಬ್ಬರ್ ಸುತ್ತಿಗೆಯಿಂದ ತಟ್ಟುತ್ತಾ, ನೀರು ತಿಳಿಯಾಗುವ ತನಕ ಬಿಡಿ.

ರೇಡಿಯೇಟರ್ ಹೊರಗಿರುವಾಗಲೇ ಒಂದೊಂದು ವಾಲ್ವಿನ ಬಾಯಿಗೂ ಬಕೆಟ್ ಹಿಡಿದು ಕ್ಷಣ ತೆರೆದು ನೋಡಿ. ಎರಡೂ ಕಡೆ ಜೋರಾಗಿ ಬರಬೇಕು. 8 ಅಥವಾ 10 ಮಿಲಿಮೀಟರಿನ ಸಣ್ಣ ತಾಮ್ರದ ಪೈಪಿರುವ ಮನೆಗಳಲ್ಲಿ ಗಸಿ ಪೈಪಿನಲ್ಲೇ ಕಟ್ಟಿಕೊಂಡಿರುತ್ತದೆ, ಆಗ ರೇಡಿಯೇಟರ್ ಎಷ್ಟು ತೊಳೆದರೂ ಪ್ರಯೋಜನವಿಲ್ಲ. ಹನಿಹನಿ ಬಂದ ಕಡೆಯೇ ಅಡಚಣೆ. ಅಂಥಲ್ಲಿ, ಅಥವಾ ಮನೆಯಿಡೀ ಗಸಿಯಿದ್ದಾಗ, ಯಂತ್ರದಿಂದ ಜೋರಾಗಿ ನೀರು ಹಾಯಿಸಿ ತೊಳೆಯುವ ಪವರ್‌ಫ್ಲಶ್ ಮಾಡಿಸಿ, ಬಾಯ್ಲರಿಗೆ ವಾಪಸಾಗುವ ಪೈಪಿನಲ್ಲಿ ಅಯಸ್ಕಾಂತದ ಫಿಲ್ಟರ್ ಹಾಕಿಸಿಕೊಳ್ಳಿ. ತೊಳೆದ ಖಾಲಿ ರೇಡಿಯೇಟರನ್ನು ಮತ್ತೆ ತೂಗುಹಾಕಿ ನಟ್ ಬಿಗಿದ ಮೇಲೆ, ವಾಲ್ವ್ ತೆರೆಯುವ ಮುಂಚೆ, ಮೇಲಿನ ಪ್ಲಗ್ ಬಿಚ್ಚಿ ಆಲಿಕೆಯಿಂದ ತುಕ್ಕುನಿರೋಧಕ ಇನ್‌ಹಿಬಿಟರ್ ಸುರಿಯುತ್ತೇನೆ. ಅಳತೆ ಬಾಟಲಿಯ ಮೇಲೆ ಇರುತ್ತದೆ. ಇನ್‌ಹಿಬಿಟರ್ ಬಿಟ್ಟು ಬರೀ ನೀರು ತುಂಬಿಸಿದರೆ ಅಷ್ಟೂ ಶ್ರಮ ವ್ಯರ್ಥ.

ಕೊನೆಗೆ ಹಂಚಿಕೆ. ಎಲ್ಲ ಥರ್ಮೋಸ್ಟ್ಯಾಟ್ ತಲೆ ಐದಕ್ಕೆ, ಎಲ್ಲ ಲಾಕ್‌ಶೀಲ್ಡ್ ಪೂರ್ತಿ ತೆರೆದು, ತಣ್ಣನೆಯ ಸ್ಥಿತಿಯಿಂದ ಹೀಟಿಂಗ್ ಹಾಕಿ ಯಾವುದು ಮೊದಲು ಬಿಸಿಯಾಯಿತು, ಯಾವುದು ಕೊನೆಗೆ ಎಂದು ಬರೆಯಿರಿ. ಮೊದಲು ಬಿಸಿಯಾದದ್ದರ ಲಾಕ್‌ಶೀಲ್ಡ್ ಮುಚ್ಚಿ, ಕಾಲು ಸುತ್ತು ಮಾತ್ರ ತೆರೆಯಿರಿ. ಮುಂದಿನವುಗಳಿಗೆ ಸ್ವಲ್ಪಸ್ವಲ್ಪ ಹೆಚ್ಚು, ಕೊನೆಯದು ಪೂರ್ತಿ ತೆರೆದೇ ಇರಲಿ. ಒಳಬರುವ ಮತ್ತು ಹೊರಹೋಗುವ ಪೈಪಿಗೆ ಒಂದೊಂದು ಥರ್ಮಾಮೀಟರ್ ಕಟ್ಟಿಕೊಂಡರೆ ಊಹೆ ಬೇಡ. ಕಂಡೆನ್ಸಿಂಗ್ ಬಾಯ್ಲರಿಗೆ ಎರಡರ ನಡುವೆ ಸುಮಾರು 20 ಡಿಗ್ರಿ ವ್ಯತ್ಯಾಸ ಒಳ್ಳೆಯದು, ಹಳೆಯ ಬಗೆಯದಕ್ಕೆ 11 ಸಾಕು. ವಾಪಸಾಗುವ ನೀರು 55 ಡಿಗ್ರಿಗಿಂತ ಕೆಳಗಿದ್ದರೆ ಮಾತ್ರ ಕಂಡೆನ್ಸಿಂಗ್ ಬಾಯ್ಲರ್ ಹೊಗೆಯಲ್ಲಿನ ಆವಿಯ ಶಾಖವನ್ನು ಹಿಡಿಯುತ್ತದೆ, ಅದಕ್ಕೇ ಈ ಅಂತರ. ಒಂದನ್ನು ತಿರುಗಿಸಿದರೆ ಉಳಿದವೂ ಬದಲಾಗುತ್ತವೆ, ಆದ್ದರಿಂದ ಪ್ರತಿ ಬದಲಾವಣೆಯ ನಂತರ ಹತ್ತು ಹದಿನೈದು ನಿಮಿಷ ಕಾಯಬೇಕು.

ಬಾಡಿಗೆ ಮನೆಯಾದರೆ ಸ್ಪ್ಯಾನರ್ ಹಿಡಿಯುವ ಕೆಲಸಗಳನ್ನು ಮನೆ ಮಾಲೀಕರಿಗೆ ಬಿಡಿ. ಇಂಗ್ಲೆಂಡಿನಲ್ಲಿ 1985ರ ಬಾಡಿಗೆ ಕಾಯ್ದೆಯ ಪ್ರಕಾರ ಹೀಟಿಂಗ್ ದುರಸ್ತಿ ಸಾಮಾನ್ಯವಾಗಿ ಅವರ ಹೊಣೆ. ದೂರು ಬರೆಯುವಾಗ ‘ಹೀಟಿಂಗ್ ಸರಿಯಿಲ್ಲ’ ಎಂದಷ್ಟೇ ಬರೆಯದೆ, ಯಾವ ರೇಡಿಯೇಟರ್, ಅದರ ಯಾವ ಭಾಗ ತಣ್ಣಗಿದೆ, ಗೇಜ್ ಎಷ್ಟು ತೋರಿಸುತ್ತಿದೆ ಎಂದು ಬರೆದರೆ ಬರುವವರು ಬೇಕಾದ ಸಾಮಾನನ್ನು ಜೊತೆಗೇ ತರುತ್ತಾರೆ.